ವಾಚು ಹೇಳಿದ ಕಿಲೋಮೀಟರು

ಹೋದ ದೀಪಾವಳಿಗೆ ಊರಿಗೆ ಹೋದಾಗ ನಮ್ಮ ಕಾಕಾನ ಮಗ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಮುಂಚೆ ನಾನು ಬಸ್ ಇಳಿಯೋದೇ ತಡ, ಬ್ಯಾಗ್ ಇಸ್ಕೊಳ್ಳೋಕೆ ಓಡಿ ಬರ್ತಿದ್ದ ಹುಡುಗ. ಈ ಸಲ ದನದ ಕೊಟ್ಟಿಗೆಯಲ್ಲೇ ಏನೋ ಭಾರೀ ಕೆಲಸ ಇದೆ ಅನ್ನೋ ಹಾಗೆ ಓಡಾಡ್ತಿದ್ದ. ಎರಡನೇ ದಿನ ರಾತ್ರಿ ಊಟ ಆದ್ಮೇಲೆ ಕಟ್ಟೆ ಮೇಲೆ ಕೂತಿದ್ದೆ. ಬಂದವನೇ ಕೈಯಲ್ಲಿದ್ದ ವಾಚು ಬಿಚ್ಚಿ ನನ್ನ ಪಕ್ಕದಲ್ಲಿಟ್ಟ.

"ಅಣ್ಣಾ, ಇದರಾಗ 5:28 ಬರತಿತ್ತು. ಅಲ್ಲಿ 5:35 ಆತು. ಹೆಂಗ?"

ಆ ವಾಚು ಕೊಟ್ಟವನು ನಾನೇ. ಹೊಸದು ತಗೊಂಡಾಗ ಹಳೇದನ್ನ ಅವನಿಗೆ ಕೊಟ್ಟಿದ್ದೆ. "ಇದರೊಳಗ ಜಿಪಿಎಸ್ ಐತಿ, ಓಡಿದ್ದು ಎಷ್ಟು ಅಂತ ಕರೆಕ್ಟ್ ತೋರಸ್ತದ" ಅಂತ ಬೇರೆ ಹೇಳಿದ್ದೆ. ಅವನು ಅಗ್ನಿವೀರ ರ‍್ಯಾಲಿಗೆ ತಯಾರಿ ಮಾಡ್ತಿದ್ದ. ಓಟದ ಲೆಕ್ಕ ಗೊತ್ತಿಲ್ಲದವರಿಗೆ ಹೇಳ್ತೀನಿ: ಅಲ್ಲಿ 1.6 ಕಿಲೋಮೀಟರ್ ಓಡಬೇಕು. 5 ನಿಮಿಷ 30 ಸೆಕೆಂಡಿನ ಒಳಗೆ ಮುಗಿಸಿದ್ರೆ 60 ಅಂಕ. 5:31ರಿಂದ 5:45ರ ಒಳಗೆ ಬಂದ್ರೆ 48. ಒಂದು ಸೆಕೆಂಡಿಗೆ 12 ಅಂಕ ಹೋಗುತ್ತೆ. ಆಗ ವಯಸ್ಸಿನ ಮಿತಿ 21 ಇತ್ತು. ಅಂದ್ರೆ ಒಬ್ಬ ಹುಡುಗನಿಗೆ ಸಿಗೋದು ಎರಡೋ ಮೂರೋ ಅವಕಾಶ. ಅದರಲ್ಲಿ ಒಂದು ಹೋಗಿತ್ತು. ನನ್ನ ವಾಚಿನ ಮೇಲೆ ಅವನು ಇಟ್ಟಿದ್ದ ನಂಬಿಕೆಯೂ ಅದರ ಜೊತೆಗೇ ಹೋಗಿತ್ತು.

ನಾನು ಸಾಫ್ಟ್‌ವೇರ್‌ನವನು. ಸೆನ್ಸರ್ ಕೊಡೋ ನಂಬರು ಸತ್ಯ ಅಲ್ಲ, ಅದು ಒಂದು ಅಂದಾಜು ಅಂತ ಆಫೀಸಿನಲ್ಲಿ ಜೂನಿಯರ್‌ಗಳಿಗೆ ಪಾಠ ಹೇಳೋನು. ಮನೆಯ ಹುಡುಗನಿಗೆ ಮಾತ್ರ ಆ ಪಾಠ ಹೇಳಿರಲಿಲ್ಲ. ಹಾಗಾಗಿ ಈ ಬರಹ ವಾಚಿನ ವಿಮರ್ಶೆ ಎಷ್ಟೋ, ನನ್ನ ವಿಮರ್ಶೆಯೂ ಅಷ್ಟೇ.

ಮೊದಲು ಬೆಂಗಳೂರಿನ ಮಾತು. ನಮ್ಮಲ್ಲಿ ಓಡೋರಿಗೆ ಈ ತಕರಾರು ಹೊಸದಲ್ಲ. 2008ರಿಂದ ನಡೀತಿರೋ ವರ್ಲ್ಡ್ 10ಕೆ ಮುಗಿದ ಮಾರನೇ ದಿನ ಆಫೀಸಿನ ಕಾಫಿ ಮಷಿನ್ ಹತ್ರ ನಿಂತು ನೋಡಿ. "ಕೋರ್ಸು ಉದ್ದ ಇತ್ತು ಗುರು, ನನ್ನ ವಾಚಲ್ಲಿ 10.19 ಬಂತು" ಅನ್ನೋರು ಒಬ್ಬರಾದ್ರೂ ಸಿಗ್ತಾರೆ. ಅಂತಾರಾಷ್ಟ್ರೀಯ ಮಟ್ಟದ ರಸ್ತೆ ಓಟದ ದಾರಿಯನ್ನ ಅಳೆಯೋಕೆ ಒಂದು ಕಟ್ಟುನಿಟ್ಟಿನ ಪದ್ಧತಿ ಇದೆ. ಆ ಪದ್ಧತಿಯಲ್ಲಿ ಅಳೆದ ದಾರಿಯನ್ನ ನಮ್ಮ ಮಣಿಕಟ್ಟಿನ ಮೇಲಿರೋ ಒಂದು ಪುಟ್ಟ ಆಂಟೆನಾ ಸುಳ್ಳು ಅಂದ್ರೆ, ನಾವು ಆಂಟೆನಾ ಕಡೆ ನಿಲ್ತೀವಿ. ಯಾಕಂದ್ರೆ ಅದಕ್ಕೆ ದುಡ್ಡು ಕೊಟ್ಟಿದ್ದೀವಿ.

ಆ ಪದ್ಧತಿ ಏನು ಅಂತ ಕೇಳಿದ್ರೆ ಆಶ್ಚರ್ಯ ಆಗುತ್ತೆ. ಅದು ಸೈಕಲ್ಲು. ಸೈಕಲ್ಲಿನ ಮುಂದಿನ ಗಾಲಿಗೆ ಜೋನ್ಸ್ ಕೌಂಟರ್ ಅನ್ನೋ ಒಂದು ಸಣ್ಣ ಎಣಿಕೆ ಯಂತ್ರ ಕಟ್ತಾರೆ. 1971ರಲ್ಲಿ ಅಮೆರಿಕದ ಅಲನ್ ಜೋನ್ಸ್ ತನ್ನ ಮಗನ ಜೊತೆ ಸೇರಿ ಮಾಡಿದ್ದು. ಉಕ್ಕಿನ ಟೇಪಿನಿಂದ ಮೊದಲೇ ಅಳೆದಿಟ್ಟ ನೇರ ರಸ್ತೆಯ ಮೇಲೆ ಸೈಕಲ್ ಓಡಿಸಿ, ಇಷ್ಟು ಮೀಟರಿಗೆ ಇಷ್ಟು ಎಣಿಕೆ ಅಂತ ಗೊತ್ತು ಮಾಡ್ಕೋತಾರೆ. ಆಮೇಲೆ ಓಟದ ದಾರಿ ಅಳೀತಾರೆ. ಮುಗಿದ ಮೇಲೆ ಮತ್ತೆ ಟೇಪಿನ ರಸ್ತೆಗೆ ಬಂದು ಪರೀಕ್ಷೆ ಮಾಡ್ತಾರೆ, ಯಾಕಂದ್ರೆ ಬಿಸಿಲು ಏರಿದ ಹಾಗೆ ಟೈರು ಉಬ್ಬಿ ಲೆಕ್ಕ ಬದಲಾಗುತ್ತೆ. ತಿರುವುಗಳಲ್ಲಿ ಅಂಚಿನಿಂದ 30 ಸೆಂಟಿಮೀಟರ್ ಬಿಟ್ಟು, ಅತಿ ಹತ್ತಿರದ ದಾರಿಯನ್ನೇ ಹಿಡೀತಾರೆ. ಇಷ್ಟಾದರೂ ತಪ್ಪು ಉಳಿದಿರಬಹುದು ಅಂತ ಕಿಲೋಮೀಟರಿಗೆ ಒಂದು ಮೀಟರ್ ಹೆಚ್ಚಿಗೆ ಸೇರಿಸ್ತಾರೆ. 42.195 ಕಿಲೋಮೀಟರಿನ ಮ್ಯಾರಥಾನ್‌ಗೆ 42 ಮೀಟರ್ ಉದ್ದ ಇಟ್ಟಿರ್ತಾರೆ.

ಈ ಕೊನೇ ಮಾತನ್ನ ಗಮನಿಸಿ. ಅವರು ತಮ್ಮ ಅಳತೆಯಲ್ಲಿ ತಪ್ಪಿರಬಹುದು ಅಂತ ಒಪ್ಕೊಂಡು, ಆ ತಪ್ಪು ಯಾವ ಕಡೆ ವಾಲಬೇಕು ಅನ್ನೋದನ್ನೂ ತೀರ್ಮಾನಿಸಿದ್ದಾರೆ. ನನ್ನ ವಾಚು ಹೀಗೆ ಯಾವತ್ತೂ ಒಪ್ಕೊಂಡಿಲ್ಲ. ಅದು 1.60 ಅನ್ನುತ್ತೆ. 1.58 ಇರಬಹುದು, 1.62 ಇರಬಹುದು ಅನ್ನಲ್ಲ.

ವಾಚು ದೂರವನ್ನ ಹೇಗೆ ಲೆಕ್ಕ ಹಾಕುತ್ತೆ? ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಿವೆ. ಅಲ್ಲಿಂದ ಸಿಗ್ನಲ್ ಬರೋಕೆ ಎಷ್ಟು ಹೊತ್ತು ಹಿಡೀತು ಅನ್ನೋದರಿಂದ ವಾಚು ತಾನೆಲ್ಲಿದ್ದೀನಿ ಅಂತ ಅಂದಾಜು ಮಾಡುತ್ತೆ. ಒಂದು ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲು ತಪ್ಪಿದ್ರೂ 30 ಸೆಂಟಿಮೀಟರ್ ಆಚೀಚೆ. 2000ದ ಮೇ ತಿಂಗಳವರೆಗೆ ಅಮೆರಿಕ ಸರ್ಕಾರವೇ ಸಾರ್ವಜನಿಕರ ಸಿಗ್ನಲ್‌ನಲ್ಲಿ ಬೇಕಂತಲೇ ತಪ್ಪು ಬೆರೆಸ್ತಿತ್ತು, ಆಮೇಲೆ ನಿಲ್ಲಿಸಿತು. ಈಗ ಬಯಲಿನಲ್ಲಿ, ಮರ-ಕಟ್ಟಡದ ಗೊಡವೆ ಇಲ್ಲದಾಗ, ಸಾಮಾನ್ಯ ಫೋನಿನ ಜಿಪಿಎಸ್ ಸುಮಾರು 5 ಮೀಟರ್ ತ್ರಿಜ್ಯದೊಳಗೆ ಜಾಗ ಹೇಳುತ್ತೆ ಅಂತ ಆ ಸರ್ಕಾರದ ಜಾಲತಾಣವೇ ಹೇಳುತ್ತೆ. ಕಾರಿನಲ್ಲಿ ಹೋಗೋನಿಗೆ ಇದು ಧಾರಾಳ. ಆದ್ರೆ ಓಡೋನು ಸೆಕೆಂಡಿಗೆ ನಾಲ್ಕೈದು ಮೀಟರ್ ಮುಂದೆ ಹೋಗ್ತಾನೆ. ಅವನು ಒಂದು ಸೆಕೆಂಡಿನಲ್ಲಿ ಹೋಗೋ ದೂರವೂ ಅಳತೆಯ ತಪ್ಪೂ ಹೆಚ್ಚುಕಡಿಮೆ ಒಂದೇ ಗಾತ್ರದ್ದು.

ಇಲ್ಲಿ ಒಂದು ಸೂಕ್ಷ್ಮ ಇದೆ. ತಪ್ಪು ಎಡಕ್ಕೂ ಆಗುತ್ತೆ, ಬಲಕ್ಕೂ ಆಗುತ್ತೆ, ಕೂಡಿದ್ರೆ ಸರಿಹೋಗುತ್ತಲ್ಲ ಅಂತ ನಾನೂ ಅಂದ್ಕೊಂಡಿದ್ದೆ. ಹೋಗಲ್ಲ. ಊರ ಜಾತ್ರೆ ಮುಗಿಸಿ ಕುಡಿದು ಮನೆಗೆ ಬರೋನನ್ನ ನೆನಪಿಸ್ಕೊಳ್ಳಿ. ಎಡಕ್ಕೆ ಎಷ್ಟು ವಾಲ್ತಾನೋ ಬಲಕ್ಕೂ ಅಷ್ಟೇ ವಾಲ್ತಾನೆ, ಕೊನೆಗೆ ಮನೆ ಬಾಗಿಲಿಗೇ ಬರ್ತಾನೆ. ಆದ್ರೆ ಅವನು ನಡೆದ ದೂರ, ನೆಟ್ಟಗೆ ಬಂದೋನಿಗಿಂತ ಯಾವಾಗ್ಲೂ ಜಾಸ್ತಿ. ವಾಚು ಚುಕ್ಕೆಯಿಂದ ಚುಕ್ಕೆಗೆ ಗೆರೆ ಎಳೆದು ಕೂಡುತ್ತೆ. ಚುಕ್ಕೆಗಳು ಅತ್ತಿತ್ತ ಹೊರಳಾಡಿದಷ್ಟೂ ಮೊತ್ತ ಬೆಳೆಯುತ್ತೆ. ಪೀಟರ್ ರಾನಾಕರ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಪ್ರಬಂಧದ ವಿಷಯವೇ ಇದು: ಜಿಪಿಎಸ್ ದೂರವನ್ನ ಯಾಕೆ ಇದ್ದದ್ದಕ್ಕಿಂತ ದೊಡ್ಡದಾಗಿ ತೋರಿಸುತ್ತೆ ಅಂತ.

ಇದಕ್ಕೆ ಉಲ್ಟಾ ತಪ್ಪೂ ಒಂದಿದೆ. ವಾಚು ಬ್ಯಾಟರಿ ಉಳಿಸೋಕೆ ಚುಕ್ಕೆಗಳನ್ನ ದೂರ ದೂರ ಇಟ್ರೆ, ಅಥವಾ ಹೊರಳಾಟ ಕಮ್ಮಿ ಮಾಡೋಕೆ ಗೆರೆಯನ್ನ ಇಸ್ತ್ರಿ ಹೊಡೆದ ಹಾಗೆ ನುಣುಪು ಮಾಡಿದ್ರೆ, ತಿರುವುಗಳು ಕತ್ತರಿಸಿ ಹೋಗ್ತವೆ. ಆಗ ದೂರ ಕಮ್ಮಿ ಬರುತ್ತೆ. ಹೀಗಾಗಿ ನೇರ ರಸ್ತೆಯಲ್ಲಿ ಹೆಚ್ಚು ತೋರಿಸೋ ವಾಚೇ ಸಣ್ಣ ಮೈದಾನದ ಸುತ್ತು ಹೊಡೆದಾಗ ಕಡಿಮೆ ತೋರಿಸಬಹುದು. "ನನ್ನ ವಾಚು ಒಂದು ಪರ್ಸೆಂಟ್ ಹೆಚ್ಚು ತೋರಸುತ್ತೆ, ಅಷ್ಟು ಕಳೆದ್ರಾಯ್ತು" ಅನ್ನೋ ಹಾಗಿಲ್ಲ.

ಸಂಕ್ರಾಂತಿಗೆ ಮತ್ತೆ ಊರಿಗೆ ಹೋದೆ. ಈ ಸಲ ವಾರ ಪೂರ್ತಿ ಅಲ್ಲಿಂದಲೇ ಕೆಲಸ ಮಾಡ್ತೀನಿ ಅಂತ ಮ್ಯಾನೇಜರಿಗೆ ಹೇಳಿ, 30 ಮೀಟರಿನ ಉಕ್ಕಿನ ಟೇಪು ತಗೊಂಡು ಹೋಗಿದ್ದೆ. ಕಾಕಾನ ಹಳೇ ಸೈಕಲ್ಲಿನ ಮುಂದಿನ ಗಾಲಿಗೆ ಸುಣ್ಣ ಬಳಿದು ಗುರುತು ಮಾಡಿದ್ವಿ. ರಸ್ತೆ ಮೇಲೆ ಹತ್ತು ಸಲ ಟೇಪು ಹಾಸಿ, ಮೊಳೆ ಹೊಡೆದು, 300 ಮೀಟರ್ ಗುರುತಿಸಿದ್ವಿ. ಅದರ ಮೇಲೆ ಸೈಕಲ್ ತಳ್ಕೊಂಡು ಹೋದ್ರೆ 136 ಸುತ್ತು ಮತ್ತು 2 ಕಡ್ಡಿ. ಮುಂದಿನ ಗಾಲಿಗೆ 32 ಕಡ್ಡಿ, ಅಂದ್ರೆ ಒಂದು ಕಡ್ಡಿಗೆ ಸುಮಾರು 7 ಸೆಂಟಿಮೀಟರ್. 1600 ಮೀಟರಿಗೆ 725 ಸುತ್ತು ಮತ್ತು 21 ಕಡ್ಡಿ. ನಾನು ಸೈಕಲ್ ಹಿಡಿದೆ, ಅವನು ಎಣಿಸಿದ. ದನ ಹೊಡ್ಕೊಂಡು ಹೊಂಟಿದ್ದ ಅಜ್ಜ ಒಬ್ಬರು ನಿಂತು, "ಏನ್ರೋ ತಮ್ಮಾ, ರಸ್ತೆ ಯಾರದರ ಹೆಸರಿಗೆ ಮಾಡಸಾಕತ್ತೀರೇನು?" ಅಂದ್ರು.

ಅಜ್ಜ ತಮಾಷೆಗೆ ಅಂದದ್ದರಲ್ಲಿ ಒಂದು ದೊಡ್ಡ ವಿಷಯ ಇತ್ತು. ನಮ್ಮ ಕಡೆ 33 ಅಡಿ ಚೌಕಕ್ಕೆ ಒಂದು ಗುಂಟೆ, 40 ಗುಂಟೆಗೆ ಎಕರೆ ಅಂತ ಮಕ್ಕಳಿಗೂ ಗೊತ್ತು. ಬದುವಿನ ಜಗಳ ಬಂದಾಗ ಯಾರಾದ್ರೂ ಮೊಬೈಲ್ ಆ್ಯಪಿನಲ್ಲಿ ಹೊಲ ಅಳೆದು ತಂದ್ರೆ ಪಕ್ಕದ ಹೊಲದವನು ಒಪ್ತಾನಾ? ಸರ್ವೇಯರ್ ಬರಬೇಕು, ಮೋಜಣಿ ಆಗಬೇಕು. ಈಗ ಸರ್ವೇಯರ್‌ಗಳೂ ಉಪಗ್ರಹದಿಂದಲೇ ಅಳೀತಾರೆ. ರೋವರ್ ಅನ್ನೋ ಕೋಲಿನಂಥ ಯಂತ್ರ. ಅದು ಸೆಂಟಿಮೀಟರ್ ಲೆಕ್ಕದಲ್ಲಿ ಹೇಳುತ್ತೆ. ಯಾಕಂದ್ರೆ ಜಾಗ ನಿಖರವಾಗಿ ಗೊತ್ತಿರೋ ನೆಲದ ಮೇಲಿನ ಕೇಂದ್ರಗಳು ಆ ಹೊತ್ತಿನ ತಪ್ಪು ಎಷ್ಟು ಅಂತ ಅದಕ್ಕೆ ಹೇಳ್ತಾ ಇರ್ತವೆ. ಮತ್ತೆ ಅದು ಒಂದು ಕಡೆ ನೆಟ್ಟಗೆ ನಿಲ್ಲುತ್ತೆ. ವಾಚಿಗೆ ಆ ಭಾಗ್ಯ ಇಲ್ಲ. ಬೀಸ್ತಿರೋ ಕೈಗೆ ಕಟ್ಕೊಂಡು, ಅರ್ಧ ಆಕಾಶಕ್ಕೆ ಮೈ ಅಡ್ಡ ಇಟ್ಕೊಂಡು, ಉಗುರಿನಷ್ಟು ಆಂಟೆನಾದಲ್ಲಿ ಕೆಲಸ ಮಾಡಬೇಕು. ಉಪಗ್ರಹಗಳು ಅವೇ. ಹೊಲಕ್ಕೆ ಸೆಂಟಿಮೀಟರ್, ಓಡೋನಿಗೆ ಮೀಟರ್. ಹೊಲದ ವಿಷಯದಲ್ಲಿ ನಾವು ಇಷ್ಟು ಹುಷಾರು, ಹುಡುಗನ ನೌಕರಿ ವಿಷಯದಲ್ಲಿ ಯಾಕೆ ಅಲ್ಲ?

ಅಳೆಯೋ ಮುಂಚೆ ಅಳತೆಗೋಲನ್ನೇ ಅನುಮಾನಿಸೋದು ನಮ್ಮ ನೆಲಕ್ಕೂ ಹೊಸದಲ್ಲ. ಹಿರೇಕೆರೂರಿಗೆ ಹತ್ತಿರದ ಬಳ್ಳಿಗಾವಿಯ ಶಾಸನಗಳಲ್ಲಿ ಭೇರುಂಡ ಗಳೆ ಅನ್ನೋ ಅಳತೆಗೋಲಿನ ಹೆಸರು ಬರುತ್ತೆ. ಎಲ್ಲರೂ ನೋಡೋ ಕಡೆ ಒಂದು ಪ್ರಮಾಣ ಇದ್ರೆ ಜಗಳ ಕಮ್ಮಿ. ಬೆಂಗಳೂರಿನಲ್ಲಿ 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಒಂದು ಆಧಾರ ರೇಖೆ ಅಳೆದ. ಆಗರದ ಕಡೆಯಿಂದ ಕೃಷ್ಣರಾಜಪುರದ ಕಡೆಗೆ, ಏಳೂವರೆ ಮೈಲಿಗೆ ಸ್ವಲ್ಪ ಕಮ್ಮಿ. ಇವತ್ತು ಔಟರ್ ರಿಂಗ್ ರೋಡಿನಲ್ಲಿ ನಾವು ಒಂದೂವರೆ ತಾಸು ಕ್ಯಾಬಿನಲ್ಲಿ ಕೂರೋ ಅದೇ ಸೀಮೆ. ಅವನ ಹತ್ರ ಇದ್ದದ್ದು 100 ಅಡಿಯ ಉಕ್ಕಿನ ಸರಪಳಿ. ಬಿಸಿಲಿಗೆ ಸರಪಳಿ ಉದ್ದ ಆಗುತ್ತೆ ಅಂತ ಥರ್ಮಾಮೀಟರ್ ಇಟ್ಟು, ಲೆಕ್ಕ ತಿದ್ದಿದ. ಅಷ್ಟು ದೂರ ಅಳೆಯೋಕೆ ಎರಡು ತಿಂಗಳ ಹತ್ತಿರ ಹಿಡೀತು. ಅವನಷ್ಟು ತಾಳ್ಮೆ ಬೇಡ. ಅವನಿಗಿದ್ದ ಅನುಮಾನದಲ್ಲಿ ಹತ್ತರಲ್ಲಿ ಒಂದು ಪಾಲು ನಮಗಿದ್ರೆ ಸಾಕು.

ಸರಿ, ನಮ್ಮ ಪರೀಕ್ಷೆ. ಹಾನಗಲ್ ತಾಲೂಕಿನ ನಮ್ಮೂರ ರಸ್ತೆ ಅವನು ದಿನಾ ಓಡ್ತಿದ್ದ ಜಾಗ. ಒಂದು ಬದಿಗೆ ಮಾವಿನ ತೋಪು, ರಸ್ತೆ ಮೇಲೆಲ್ಲ ಕೊಂಬೆ. ಸೈಕಲ್ಲಿನಲ್ಲಿ ಅಳೆದ 1600 ಮೀಟರನ್ನ ಅವನು ಮೂರು ದಿನ ಮೂರು ಸಲ ಓಡಿದ. ಹಳೇ ವಾಚಿನಲ್ಲಿ ಬಂದದ್ದು 1.62, 1.62, 1.61. ಅಂದ್ರೆ ವಾಚು 1.60 ಅಂದು ಟೊಯ್ ಅಂತ ಕೂಗಿದಾಗ ಅವನು ನಿಜವಾಗಿ ಓಡಿರ್ತಿದ್ದದ್ದು ಸುಮಾರು 1580 ಮೀಟರ್. ಇನ್ನೂ 20 ಮೀಟರ್ ಬಾಕಿ. ಅವನ ವೇಗದಲ್ಲಿ 20 ಮೀಟರಿಗೆ ನಾಲ್ಕು ಸೆಕೆಂಡ್ ಬೇಕು. 5:28 ಅನ್ನೋದು ನಿಜವಾಗಿ 5:32 ಆಗಿತ್ತು. ವರ್ಷಗಟ್ಟಲೆ ಅವನು ಗೆದ್ದೆ ಅಂತ ತಿಳ್ಕೊಂಡು ನಿಲ್ಲಿಸ್ತಿದ್ದ ಜಾಗ ಗೆಲುವಿನ ಗೆರೆಗಿಂತ ಇಪ್ಪತ್ತು ಮೀಟರ್ ಹಿಂದಿತ್ತು.

ಉಳಿದ ಮೂರು ಸೆಕೆಂಡು? ಅದಕ್ಕೆ ವಾಚನ್ನ ಬೈಯೋಕಾಗಲ್ಲ. 400 ಮೀಟರ್ ಟ್ರ್ಯಾಕು ಅಂದ್ರೆ ಮೊದಲನೇ ಲೇನಿನ ಒಳ ಅಂಚಿನಿಂದ 30 ಸೆಂಟಿಮೀಟರ್ ಬಿಟ್ಟು ಓಡಿದ್ರೆ ಮಾತ್ರ 400. ಎರಡನೇ ಲೇನಿನಲ್ಲಿ ಸುತ್ತು ಹೊಡೆದ್ರೆ ಸುತ್ತಿಗೆ 7 ಮೀಟರ್ ಹೆಚ್ಚು. ರ‍್ಯಾಲಿಯಲ್ಲಿ ಗುಂಪು ಗುಂಪಾಗಿ ಬಿಡ್ತಾರೆ, ಒಳಗಡೆ ಜಾಗ ಸಿಗಲ್ಲ. ಇವನು ಮೊದಲ ಎರಡು ಸುತ್ತು ಹೊರಗಡೆಯಿಂದ ಓಡಿದ್ದನಂತೆ. 14 ಮೀಟರ್, ಮೂರು ಸೆಕೆಂಡ್. ನಾಲ್ಕೂ ಮೂರೂ ಏಳು. 5:35. ಕಟ್ಟೆ ಮೇಲೆ ಪೆನ್ಸಿಲಿನಲ್ಲಿ ಬರೆದು ತೋರಿಸಿದೆ. ಅವನು ಸುಮಾರು ಹೊತ್ತು ನೋಡಿ, "ಅಂದ್ರ ನಾ ನಿಧಾನ ಓಡಿದ್ದಿಲ್ಲ" ಅಂದ. ಆ ದಿನ ಅವನು ನಿಧಾನ ಓಡಿರಲಿಲ್ಲ, ಯಾವತ್ತಿನ ಹಾಗೇ ಓಡಿದ್ದ.

ಮಾರನೇ ದಿನ ಬೈಕ್ ಹತ್ತಿ ಶಿಗ್ಗಾಂವಿ ಕಡೆ ಹೋದ್ವಿ. ಹೆದ್ದಾರಿಗೆ ಸ್ವಲ್ಪ ಒಳಗೆ, ಎರಡೂ ಬದಿ ಬಯಲು ಹೊಲ ಇರೋ ನೇರ ರಸ್ತೆ. ಅದೇ ಟೇಪು, ಅದೇ ಸೈಕಲ್ಲು (ಪರಿಚಯದವರ ಟೆಂಪೋದಲ್ಲಿ ಹಾಕ್ಕೊಂಡು ಬಂದಿದ್ವಿ), ಅದೇ ವಾಚು. ಇಲ್ಲಿ ಬಂದದ್ದು 1.60, 1.61, 1.60. ಮರ ಇಲ್ಲ, ಗೋಡೆ ಇಲ್ಲ, ಆಕಾಶ ಪೂರ್ತಿ ತೆರೆದಿದೆ. ವಾಚು ಚೆನ್ನಾಗಿ ಕೆಲಸ ಮಾಡ್ತು. ಇದನ್ನ ಹೇಳದಿದ್ರೆ ನ್ಯಾಯ ಆಗಲ್ಲ. ಅದೇ ವಾಚು ಒಂದು ತಾಲೂಕಿನಲ್ಲಿ ಸತ್ಯವಂತ, ಪಕ್ಕದ ತಾಲೂಕಿನಲ್ಲಿ ಅಲ್ಲ. ಸುಳ್ಳು ಹೇಳುವಾಗಲೂ ಅದರ ಮುಖ ಬದಲಾಗಲ್ಲ, ಅದೇ ದಪ್ಪ ಅಕ್ಷರ, ಅದೇ ಎರಡು ದಶಮಾಂಶ. ನನ್ನ ಆಕ್ಷೇಪಣೆ ಇರೋದು ಇಲ್ಲಿ.

ಸವಣೂರಿನಲ್ಲಿ ಓಡಲಿಲ್ಲ. ನಿಂತ್ವಿ. ದೊಡ್ಡಹುಣಸೆ ಕಲ್ಮಠದ ಆವರಣದಲ್ಲಿ ಮೂರು ದೈತ್ಯ ಮರ ಇವೆ. ಜನ ದೊಡ್ಡ ಹುಣಸೆ ಅಂತಾರೆ, ನಿಜಕ್ಕೂ ಅವು ಆಫ್ರಿಕಾ ಮೂಲದ ಬಾವೋಬಾಬ್. ಅದರ ಬುಡದಲ್ಲಿ ಫೋನಿನ ಓಟದ ಆ್ಯಪು ಶುರು ಮಾಡಿ ಹತ್ತು ನಿಮಿಷ ಅಲ್ಲಾಡದೆ ನಿಂತೆ. ಆ್ಯಪಿನ ಪ್ರಕಾರ ನಾನು 60 ಮೀಟರಿಗೂ ಹೆಚ್ಚು ಚಲಿಸಿದ್ದೆ. ಮೇಲೆ ಹೇಳಿದ ಕುಡುಕನ ನಡಿಗೆ ಇದೇ. ಕೈಯಲ್ಲಿದ್ದ ವಾಚು ಮಾತ್ರ ಸೊನ್ನೆ ತೋರಿಸ್ತು. ಅದರೊಳಗೆ ಕೈ ಚಲನೆ ತಿಳಿಯೋ ಸೆನ್ಸರ್ ಇದೆ, ಕೈ ಆಡದಿದ್ರೆ ಇವನು ಓಡ್ತಿಲ್ಲ ಅಂತ ತೀರ್ಮಾನ ಮಾಡುತ್ತೆ. ಜಾಣತನ. ಆಮೇಲೆ ನಿಂತಲ್ಲೇ ಓಡೋ ಹಾಗೆ ಕೈ ಬೀಸಿದೆ. ವಾಚು ನಿಧಾನಕ್ಕೆ ಮೀಟರ್ ಸೇರಿಸೋಕೆ ಶುರು ಮಾಡ್ತು. ಮಠಕ್ಕೆ ಬಂದಿದ್ದ ಮಕ್ಕಳು ನನ್ನನ್ನ ನೋಡಿ ನಕ್ಕಿದ್ದು ಬೇರೆ.

ಇದರಿಂದ ತಿಳಿಯೋದು ಏನಂದ್ರೆ, ವಾಚು ತೋರಿಸೋ ದೂರ ಬರೀ ಉಪಗ್ರಹದ್ದಲ್ಲ. ಉಪಗ್ರಹ, ಕೈ ಬೀಸು, ಹೆಜ್ಜೆಯ ಅಂದಾಜು, ನುಣುಪು ಮಾಡೋ ಗಣಿತ, ಇವೆಲ್ಲ ಬೆರೆಸಿದ ಚಿತ್ರಾನ್ನ. ಯಾವುದು ಎಷ್ಟು ಬೆರೆಸಿದ್ದಾರೆ ಅಂತ ಕಂಪನಿ ಹೇಳಲ್ಲ. ಇನ್ನು ಕಡಿಮೆ ಬೆಲೆಯ ಎಷ್ಟೋ ವಾಚುಗಳಲ್ಲಿ ಜಿಪಿಎಸ್ ಚಿಪ್ಪೇ ಇರಲ್ಲ. ಜೇಬಲ್ಲಿ ಫೋನಿದ್ರೆ ಅದರಿಂದ ಎರವಲು ತಗೋತವೆ, ಇಲ್ಲದಿದ್ರೆ ನೀವು ಕೊಟ್ಟ ಎತ್ತರದಿಂದ ಹೆಜ್ಜೆಯ ಉದ್ದ ಊಹಿಸಿ ಗುಣಿಸ್ತವೆ. ಡಬ್ಬದ ಮೇಲೆ ಮಾತ್ರ ಓಡೋ ಮನುಷ್ಯನ ಚಿತ್ರ, ಪಕ್ಕದಲ್ಲಿ ಉಪಗ್ರಹದ ಚಿತ್ರ. ನನ್ನ ತಮ್ಮನ ಗೆಳೆಯರಲ್ಲಿ ಮೂರು ಜನ ಅಂಥದ್ದನ್ನೇ ಕಟ್ಕೊಂಡಿದ್ರು.

ಕೊನೆಗೆ ಹಿರೇಕೆರೂರು ತಾಲೂಕಿನ ಒಂದು ಹಳ್ಳಿ. ತಮ್ಮನ ಗೆಳೆಯರು ಎಂಟು ಹತ್ತು ಜನ ಶಾಲೆ ಮೈದಾನದಲ್ಲಿ ಬೆಳಿಗ್ಗೆ ಐದಕ್ಕೆ ಸೇರ್ತಾರೆ. ಸುಣ್ಣ ಹಾಕಿ ಸುತ್ತು ಗುರುತು ಮಾಡ್ಕೊಂಡಿದ್ರು, ಒಂದು ಸುತ್ತು 200 ಮೀಟರ್, ಎಂಟು ಸುತ್ತಿಗೆ 1600. "200 ಅಂತ ಹೆಂಗ ಗೊತ್ತು ಮಾಡಿದ್ರಿ?" ಅಂತ ಕೇಳಿದೆ. "ವಾಚ್ ಕಟಗೊಂಡು ಸುತ್ತು ಹೊಡದ್ವಿ ಅಣ್ಣಾ, 200 ಬಂದಲ್ಲಿ ಸುಣ್ಣ ಹಾಕಿದ್ವಿ" ಅಂದ್ರು. ಟೇಪು ಹಾಸಿ ಅಳೆದ್ರೆ 207. ಸಣ್ಣ ಸುತ್ತಿನ ತಿರುವುಗಳನ್ನ ವಾಚು ಒಳಗಿನಿಂದ ಕತ್ತರಿಸಿತ್ತು, 207 ಓಡಿದ್ರೂ 200 ಅಂದಿತ್ತು. ಎಂಟು ಸುತ್ತಿಗೆ 56 ಮೀಟರ್ ಹೆಚ್ಚು.

ಹೆಚ್ಚು ಓಡಿದ್ರೆ ಒಳ್ಳೇದೇ ಅಲ್ವಾ ಅನ್ನಬಹುದು. ಅಲ್ಲಿದ್ದ ಒಬ್ಬ ಹುಡುಗನ ಟೈಮು 5:50. "ನಮ್ಮ ಕೈಲೆ ಮಿಲಿಟರಿ ಆಗೂದಿಲ್ಲ ಬಿಡ್ರಿ" ಅಂತ ಎರಡು ವರ್ಷದಿಂದ ಅರ್ಜಿಯನ್ನೇ ಹಾಕಿರಲಿಲ್ಲ. 1656 ಮೀಟರಿಗೆ 5:50 ಅಂದ್ರೆ 1600ಕ್ಕೆ 5:38. ಅವನು ಎರಡನೇ ಗುಂಪಿನಲ್ಲಿ ಆರಾಮಾಗಿ ಬರ್ತಿದ್ದ. ರಾಜ್ಯದ ಪೊಲೀಸ್ ಕಾನ್‌ಸ್ಟೆಬಲ್ ಪರೀಕ್ಷೆಗೆ ಗಂಡಸರಿಗೆ 1600 ಮೀಟರ್ 6 ನಿಮಿಷ 30 ಸೆಕೆಂಡಿನಲ್ಲಿ ಓಡಿದ್ರೆ ಸಾಕು, ಅದಂತೂ ಅವನಿಗೆ ಲೆಕ್ಕಕ್ಕೇ ಇಲ್ಲ. ಆ ಹುಡುಗನ ವಯಸ್ಸು ಕೇಳಿದೆ. ಇಪ್ಪತ್ತೊಂದು ದಾಟಿತ್ತು. ಹಾನಗಲ್ಲಿನ ತಪ್ಪು ಒಬ್ಬನಿಗೆ ಇಲ್ಲದ ಧೈರ್ಯ ಕೊಟ್ಟಿತ್ತು, ಹಿರೇಕೆರೂರಿನ ತಪ್ಪು ಇನ್ನೊಬ್ಬನಿಗೆ ಇದ್ದ ಧೈರ್ಯವನ್ನ ಕಸ್ಕೊಂಡಿತ್ತು. ಎರಡನೇದೇ ದೊಡ್ಡದು ಅಂತ ನನಗೆ ಅನ್ಸುತ್ತೆ, ಯಾಕಂದ್ರೆ ಅದು ಯಾರ ಲೆಕ್ಕದಲ್ಲೂ ಬರಲ್ಲ. ಓಡಿ ಸೋತವನ ಹೆಸರಾದ್ರೂ ಪಟ್ಟಿಯಲ್ಲಿರುತ್ತೆ.

ಈಗ ಯೂಟ್ಯೂಬಿನ ವಾಚ್ ವಿಮರ್ಶಕರ ಬಗ್ಗೆ ಎರಡು ಮಾತು. ಎರಡೂ ಕೈಗೆ ಎರಡೆರಡು ವಾಚು ಕಟ್ಕೊಂಡು ಓಡಿ, ಬಂದ ಗೆರೆಗಳನ್ನ ನಕ್ಷೆ ಮೇಲೆ ಹಾಕಿ, "ನೋಡಿ, ಫುಟ್‌ಪಾತ್ ಮೇಲೇ ಕೂತಿದೆ" ಅಂತಾರೆ. ನೋಡೋಕೆ ಚೆಂದ. ಆದ್ರೆ ಗೆರೆ ಎಲ್ಲಿದೆ ಅನ್ನೋದು ಒಂದು ಪ್ರಶ್ನೆ, ಗೆರೆ ಎಷ್ಟು ಉದ್ದ ಅನ್ನೋದು ಬೇರೆ ಪ್ರಶ್ನೆ. ನಿಧಾನಕ್ಕೆ ಬದಲಾಗೋ ತಪ್ಪು, ಉದಾಹರಣೆಗೆ ಮೇಲಿನ ವಾತಾವರಣದ ಅಯಾನುಮಂಡಲದಿಂದ ಆಗೋದು, ಇಡೀ ಗೆರೆಯನ್ನ ನಾಲ್ಕು ಮೀಟರ್ ಪಕ್ಕಕ್ಕೆ ಸರಿಸಬಹುದು. ನಕ್ಷೆಯಲ್ಲಿ ನೀವು ಚರಂಡಿಯಲ್ಲಿ ಓಡಿದ ಹಾಗೆ ಕಾಣುತ್ತೆ, ಆದ್ರೆ ಉದ್ದ ಸರಿಯಾಗೇ ಇರುತ್ತೆ. ಮರ, ಗೋಡೆಗೆ ಬಡಿದು ಬರೋ ಸಿಗ್ನಲ್ಲಿನ ತಪ್ಪು ಕ್ಷಣಕ್ಷಣಕ್ಕೆ ಬದಲಾಗುತ್ತೆ. ಗೆರೆ ರಸ್ತೆ ಮೇಲೇ ಇರುತ್ತೆ, ಆದ್ರೆ ಸಣ್ಣಗೆ ನಡುಗಿ ಉದ್ದ ಬೆಳೆಯುತ್ತೆ. ವಿಮರ್ಶಕರು ಮೊದಲನೇದಕ್ಕೆ ಅಂಕ ಕಡಿತಾರೆ, ಎರಡನೇದನ್ನ ಹೊಗಳ್ತಾರೆ. ಎಷ್ಟೋ ಸಲ ಒಂದು ವಾಚನ್ನ ಇನ್ನೊಂದು ವಾಚಿಗೇ ಹೋಲಿಸ್ತಾರೆ. ಟೇಪು ಹಿಡಿದವರು ಕಮ್ಮಿ.

ಹೊಸ ವಾಚುಗಳು ಖಂಡಿತ ಉತ್ತಮ. ಎರಡು ತರಂಗಾಂತರದಲ್ಲಿ ಸಿಗ್ನಲ್ ಹಿಡಿಯೋ ಚಿಪ್ಪುಗಳು ಬಂದ ಮೇಲೆ ಕಟ್ಟಡಗಳ ನಡುವಿನ ತಪ್ಪು ಎದ್ದು ಕಾಣೋ ಹಾಗೆ ಇಳಿದಿದೆ. ನಮ್ಮದೇ ನಾವಿಕ್ ಉಪಗ್ರಹಗಳೂ ಇವೆ. ಅದರ ಮೊದಲನೇದು 2013ರಲ್ಲಿ ಹಾರಿತು, ನ್ಯಾವಿಗೇಶನ್ ಕೇಂದ್ರ ಇರೋದು ಬೆಂಗಳೂರಿನ ಹತ್ತಿರದ ಬ್ಯಾಲಾಳಿನಲ್ಲಿ. ಆರಂಭದ ನಾವಿಕ್ ಉಪಗ್ರಹಗಳಲ್ಲಿ ಸಾಮಾನ್ಯ ವಾಚು ಹಿಡಿಯೋ ಎಲ್1 ತರಂಗಾಂತರ ಇರಲಿಲ್ಲ. 2023ರ ಮೇ ತಿಂಗಳಲ್ಲಿ ಹಾರಿದ ಎನ್‌ವಿಎಸ್-01ರಿಂದ ಅದು ಶುರುವಾಯ್ತು. ವಿಮಾನಗಳಿಗೋಸ್ಕರ ಜಿಪಿಎಸ್ ತಪ್ಪನ್ನ ತಿದ್ದಿ ಕಳಿಸೋ ಗಗನ್ ವ್ಯವಸ್ಥೆಯ ಮುಖ್ಯ ಕೇಂದ್ರ ಕುಂದಲಹಳ್ಳಿಯಲ್ಲಿದೆ. ನಮ್ಮಲ್ಲಿ ಎಷ್ಟೋ ಜನ ಬೆಳಿಗ್ಗೆ ಅದೇ ಏರಿಯಾದಲ್ಲಿ ಓಡ್ತೀವಿ, ತಪ್ಪು ತೋರಿಸೋ ವಾಚು ಕಟ್ಕೊಂಡು.

ವಾಚಿನ ಪರವಾಗಿಯೂ ಹೇಳಬೇಕು. ಅದರ ಸಮಯದಲ್ಲಿ ತಪ್ಪಿಲ್ಲ, ಗಡಿಯಾರವಾಗಿ ಅದು ಅದ್ಭುತ. ವಾರಕ್ಕೆ 40 ಕಿಲೋಮೀಟರ್ ಓಡೋ ನನ್ನಂಥವನಿಗೆ ಒಂದು ಪರ್ಸೆಂಟ್ ಹೆಚ್ಚುಕಡಿಮೆ ಆದ್ರೆ ಏನೂ ಮುಳುಗಲ್ಲ. ಇವತ್ತಿನ ಓಟವನ್ನ ಹೋದ ವಾರದ ಅದೇ ದಾರಿಯ ಓಟಕ್ಕೆ ಹೋಲಿಸೋಕೆ ಅದು ಸಾಕು. ಅದು ಒಳ್ಳೇ ಸಂಗಾತಿ. ಅಂಪೈರ್ ಮಾತ್ರ ಅಲ್ಲ. ನಾವು ಬೆಂಗಳೂರಿನವರು ಅದನ್ನ ಸಂಗಾತಿಯಾಗಿ ಬಳಸ್ತೀವಿ, ನಮಗೆ ಹೋಗೋದು ಜಂಬ ಮಾತ್ರ. ಆ ವಾಚು ನಾವು ಹಳೇದು ಮಾಡಿ ಊರಿಗೆ ಕೊಟ್ಟಾಗ ಅಲ್ಲಿ ಅದು ಅಂಪೈರ್ ಆಗುತ್ತೆ. ಡಬ್ಬ, ಮ್ಯಾನುಯಲ್, ಎಚ್ಚರಿಕೆ ಯಾವುದೂ ಅದರ ಜೊತೆ ಹೋಗಲ್ಲ. ಹೋಗೋದು "ಕರೆಕ್ಟ್ ತೋರಸ್ತದ" ಅನ್ನೋ ನಮ್ಮ ಮಾತು ಮಾತ್ರ.

ಕಂಪನಿಗಳಿಂದ ನಾನು ಕೇಳೋದು ದೊಡ್ಡದೇನಲ್ಲ. ಈ ಓಟದಲ್ಲಿ ಸಿಗ್ನಲ್ ಎಷ್ಟು ಹೊರಳಾಡ್ತು ಅಂತ ಒಳಗಿನ ಸಾಫ್ಟ್‌ವೇರಿಗೆ ಒಂದು ಅಂದಾಜು ಇದ್ದೇ ಇರುತ್ತೆ. ಅದನ್ನ ನಮಗೂ ತೋರಿಸಲಿ. 1.60ರ ಪಕ್ಕ 20 ಮೀಟರ್ ಹೆಚ್ಚುಕಡಿಮೆ ಅಂತ ಒಂದು ಸಣ್ಣ ಸಾಲು ಬರಲಿ. ತೋರಿಸೋದು ಕಷ್ಟ ಅಲ್ಲ, ಅದನ್ನ ತೋರಿಸಿದ್ರೆ ವಾಚು ಚೆಂದ ಕಾಣಲ್ಲ ಅಷ್ಟೇ.

ಊರಲ್ಲಿ ತಯಾರಿ ಮಾಡೋ ತಮ್ಮಂದಿರು ಇರೋರು ಇಷ್ಟು ಮಾಡಿ. ಹತ್ತಿರದಲ್ಲಿ 400 ಮೀಟರ್ ಟ್ರ್ಯಾಕು ಇದ್ರೆ ತಿಂಗಳಿಗೆ ಎರಡು ಸಲ ಅಲ್ಲಿ ಓಡಿಸಿ, ಮೊದಲನೇ ಲೇನಿನಲ್ಲಿ, ವಾಚಿನ ಸ್ಟಾಪ್‌ವಾಚ್ ಮಾತ್ರ ಬಳಸಿ. ಇಲ್ಲದಿದ್ರೆ ಗೌಂಡಿ ಹತ್ರ ಟೇಪು ಇಸ್ಕೊಂಡು, ಸೈಕಲ್ ಗಾಲಿ ಲೆಕ್ಕದಲ್ಲಿ ರಸ್ತೆ ಮೇಲೆ 1600 ಮೀಟರ್ ಗುರುತು ಮಾಡಿ ಪೇಂಟ್ ಹಾಕಿ. ಒಂದು ಬೆಳಗಿನ ಕೆಲಸ. ಮತ್ತೆ 5:30 ಅಲ್ಲ, 5:20ಕ್ಕೆ ಗುರಿ ಇಡೋಕೆ ಹೇಳಿ. ಗುಂಪಿನಲ್ಲಿ ಹೊರಗಿನ ಲೇನು ಸಿಗೋದು ಖಾತ್ರಿ.

ನಮ್ಮೂರ ರಸ್ತೆಯಲ್ಲಿ ಈಗ ಎರಡು ಬಿಳಿ ಗೆರೆ ಇವೆ. ಒಂದು ಪಂಚಾಯಿತಿ ನಳದ ಹತ್ರ, ಇನ್ನೊಂದು ಮಾವಿನ ತೋಪು ದಾಟಿದ ಮೇಲೆ. ಮೊನ್ನೆ ಫೋನ್ ಮಾಡಿದಾಗ ತಮ್ಮ ಹೇಳಿದ, ಗೆರೆಯಿಂದ ಗೆರೆಗೆ 5:26 ಬಂತಂತೆ. ನಮ್ಮೂರಿನ ಇಬ್ಬರು ಹುಡುಗಿಯರೂ ಪೊಲೀಸ್ ಪರೀಕ್ಷೆಗೆ ಅಂತ ಬರಾಕತ್ಯಾರ, ಅವರಿಗೆ 400 ಮೀಟರಿನ ಗೆರೆ ಬೇಕು ಅಂದ.

"181 ಸುತ್ತು, 13 ಕಡ್ಡಿ" ಅಂದೆ.

"ಗೊತ್ತೈತಿ, ಹಾಕೇನಿ" ಅಂದ. "ನಿನ್ನ ವಾಚ್ ನಂಗ ಬ್ಯಾಡ ಅಂದಿದ್ನೆಲ್ಲ, ಇರ್ಲಿ ಬಿಡು. ಟೈಮ್ ನೋಡಾಕ ಬೇಕು."